ತೊಂಗಡಿ ಅಜ್ಜಿಯ ಊರಿಗೆ ಭರಮು ಹೋದದ್ದು

ಅಥಣಿಯಿಂದ ಕಾಗವಾಡದವರೆಗಿನ ರಸ್ತೆಯಲ್ಲಿ ಭರಮು ಕಾಂಬಳೆಯ, ಸೀಟಿಗಿಷ್ಟೆಂದು ಜನ ಸಾಗಿಸುವ ವಡಾಪ್ ಜೀಪಿನಲ್ಲಿ ಒಮ್ಮೆಯಾದರೂ ಕೂರದವರು ಕಡಿಮೆ. ಹಳೆಯ ಟ್ರ್ಯಾಕ್ಸ್ ಗಾಡಿ. ಹಿಂದೆ ಏಣಿ, ಮೇಲೆ ಮೇವಿನ ಹೊರೆ, ಒಳಗೆ ಒಬ್ಬರ ತೊಡೆಯ ಮೇಲೆ ಇನ್ನೊಬ್ಬರ ಚೀಲ. ಸೀಟು ತುಂಬದೆ ಅದು ಸ್ಟ್ಯಾಂಡು ಬಿಡುತ್ತಿರಲಿಲ್ಲ. ಒಳಗಿದ್ದವರು ಬೆವರಿ, "ಬಿಡೋ ಭರಮ್ಯಾ, ಜೀವ ಹೋಗಾಕತ್ತೈತಿ" ಎಂದು ಕೂಗಿದರೆ ಅವನು ಬಾನೆಟ್ಟಿಗೆ ಒರಗಿ ತಂಬಾಕು ತಿಕ್ಕುತ್ತ, "ಇನ್ನೊಂದ ಸೀಟ ಬರ್ಲಿ, ತಡೀರಿ" ಎನ್ನುತ್ತಿದ್ದ. ಹೆರಿಗೆ ನೋವಿನ ಹೆಂಗಸು ಬಂದರೆ ಮಾತ್ರ ಉಳಿದವರನ್ನೆಲ್ಲ ಇಳಿಸಿ ಮಿರಜಿನ ಆಸ್ಪತ್ರೆಯವರೆಗೆ ಗಾಳಿಯಂತೆ ಓಡಿಸುತ್ತಿದ್ದ. ಹಾಗೆ ಹುಟ್ಟಿದ ಮಕ್ಕಳಲ್ಲಿ ಕೆಲವರು ಈಗ ದೊಡ್ಡವರಾಗಿ, ದಾರಿಯಲ್ಲಿ ಸಿಕ್ಕರೆ "ಮಾಮಾ" ಎಂದು ಕೈ ಎತ್ತುತ್ತಾರೆ.

ಸರಕಾರಿ ಬಸ್ಸು ಹೆಂಗಸರಿಗೆ ಪುಕ್ಕಟೆಯಾದ ಮೇಲೆ ಜೀಪು ತುಂಬುವುದು ನಿಂತಿತು. ಭರಮು ಯಾರನ್ನೂ ಬೈಯಲಿಲ್ಲ. ಅವನ ಹೆಂಡತಿ ಸಕ್ಕುಬಾಯಿಯೇ ದ್ರಾಕ್ಷಿ ತೋಟದ ಕೆಲಸಕ್ಕೆ ಬಸ್ಸಿನಲ್ಲಿ ಹೋಗುತ್ತಿದ್ದಳು. ಅಷ್ಟರಲ್ಲಿ ಮೊಣಕಾಲು ನೋವೂ ಹಿಡಿದಿತ್ತು. ಗಾಡಿ ಮಾರಿ ಮನೆಯಲ್ಲಿ ಕುಳಿತ. ಕುಳಿತನೆಂದರೆ, ಕೂರಲಾಗದೆ ಬಾಗಿಲಿಗೂ ಒಲೆಗೂ ನಡುವೆ ತಿರುಗಾಡಿದ.

ಶೇಡಬಾಳದಿಂದ ಒಳಗಿರುವ ಅವರ ಸಣ್ಣ ಊರಿನಲ್ಲಿ ಒಂದು ಬುದ್ಧವಿಹಾರವಿದೆ. ಅದರಲ್ಲಿರುವ ಹೊಂಬಣ್ಣದ ಮೂರ್ತಿ ಥಾಯ್ಲೆಂಡಿನ ಒಂದು ಹಳ್ಳಿಯವರು ಕೊಟ್ಟದ್ದು. ಬಹಳ ವರ್ಷಗಳ ಹಿಂದೆ ಲಾರಿಯಲ್ಲಿ ಬಂದ ಮೂರ್ತಿ ಊರ ಓಣಿಗೆ ತಿರುಗಲಾರದೆ ನಿಂತಾಗ, ಭರಮು ತನ್ನ ಜೀಪಿನ ಸೀಟು ಕಿತ್ತು, ಒಳಗೆ ಕೌದಿ ಹಾಸಿ ತಂದಿದ್ದ. ಅಂದು ಕೊಟ್ಟವರ ಕಡೆಯಿಂದ ನಾಲ್ಕಾರು ಜನ ಬಂದಿದ್ದರು. ಅವರಲ್ಲೊಬ್ಬಳು ಥೊಂಗ್ಡೀ ಎಂಬ ವಯಸ್ಸಾದ ಹೆಂಗಸು. ಊರ ಬಾಯಲ್ಲಿ ಅವಳು ತೊಂಗಡಿ ಅಜ್ಜಿಯಾದಳು. ಎರಡು ದಿನ ಸಕ್ಕುಬಾಯಿಯ ಮನೆಯಲ್ಲೇ ಉಳಿದಳು. ರೊಟ್ಟಿ ಬಡಿಯಲು ಹೋಗಿ ಹರಿದುಕೊಂಡಳು, ನಕ್ಕಳು. ಹೋಗುವಾಗ ಸಕ್ಕುಬಾಯಿಯ ಕೈ ಹಿಡಿದು ಏನೇನೋ ಹೇಳಿದಳು. ಅರ್ಥವಾಗದಿದ್ದರೂ ಸಕ್ಕುಬಾಯಿ, "ಬರ್ತೀನವ್ವಾ, ನಿಮ್ಮೂರಿಗೆ ಒಮ್ಮಿ ಬಂದ ಬರ್ತೀನಿ" ಎಂದಿದ್ದಳು.

ಎಲ್ಲರೂ ಆಡುವ ಮಾತು ಅದು. ಸಕ್ಕುಬಾಯಿ ಮಾತ್ರ ಅದನ್ನು ಮರೆಯಲಿಲ್ಲ. ಅವರ ಮಗಳು ನೀಲಮ ರಾಯಬಾಗದ ಆಸ್ಪತ್ರೆಯಲ್ಲಿ ನರ್ಸು. ಅಜ್ಜಿಯ ಮೊಮ್ಮಗಳು ನೊಯ್ ಎಂಬವಳ ಜೊತೆ ಫೇಸ್‌ಬುಕ್ಕಿನಲ್ಲಿ ಆಗೊಮ್ಮೆ ಈಗೊಮ್ಮೆ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದಳು. ಹೋದ ವರ್ಷ ನೊಯ್, ಅಜ್ಜಿ ಹಾಸಿಗೆ ಹಿಡಿದಿದ್ದಾಳೆ ಎಂದು ಬರೆದಳು. ಅವ್ವ ಅಪ್ಪನನ್ನು ಅಲ್ಲಿಗೆ ಕರೆದೊಯ್ಯುವುದೆಂದು ನೀಲಮ ಅಂದೇ ನಿರ್ಧಾರ ಮಾಡಿದಳು. ಪಾಸ್‌ಪೋರ್ಟಿನ ವಿಚಾರಣೆಗೆ ಪೋಲೀಸರು ಮನೆಗೆ ಬಂದಾಗ, ಭರಮು ಏನೋ ಮಾಡಿಕೊಂಡಿದ್ದಾನೆಂದು ಓಣಿಯೆಲ್ಲ ಬಾಗಿಲಿಗೆ ಬಂದು ನಿಂತಿತ್ತು.

ರಜೆ ಸಿಕ್ಕಿದ್ದು ಏಪ್ರಿಲ್ ನಡುವೆ. ಭರಮುವಿಗೆ ಅದೇ ಸಿಟ್ಟು.

"ಬಾಬಾಸಾಹೇಬರ ಜಯಂತಿ ಬಿಟ್ಟ ಎಲ್ಲಿಗ್ಹೋಗೂದು? ಮೆರವಣಿಗಿ ಗಾಡಿ ನಾನs ಹೊಡ್ಯಾಂವಾ, ಎಲ್ಲಾರಿಗೂ ಗೊತ್ತೈತಿ."

"ಈ ಸಲ ರಾಜಾರಾಮ ಕಾಕಾ ಹೊಡೀತಾನ ಬಿಡಪಾ" ಎಂದಳು ನೀಲಮ. "ಅಜ್ಜಿ ಮುಂದಿನ ವರ್ಷದ ತನಕಾ ಇರ್ತಾಳಂತ ಯಾರ ಹೇಳ್ಯಾರ?"

ಸಕ್ಕುಬಾಯಿ ತಾನು ಕೆಲಸ ಮಾಡುವ ತೋಟದ ದ್ರಾಕ್ಷಿ ಒಣಗಿಸುವ ಶೆಡ್ಡಿನಿಂದ ಹಸಿರು ಮಣೂಕ ತಂದು, ಕಡ್ಡಿ ಆರಿಸಿ ಡಬ್ಬಿಗೆ ತುಂಬತೊಡಗಿದಳು. ನಮ್ಮ ಕಡೆಯ ದ್ರಾಕ್ಷಿ ಒಣಗಿದರೂ ರುಚಿ ಬಿಡುವುದಿಲ್ಲ ಎಂಬುದು ಅವಳ ಅಭಿಮಾನ.

ಬ್ಯಾಂಕಾಕಿಗೆ ಇಳಿದ ಮೇಲೆ ತಿಳಿಯಿತು, ಅದೇ ವಾರ ಅಲ್ಲಿಯವರ ಹೊಸವರ್ಷ. ಸೊಂಗ್‌ಕ್ರಾನ್ ಎಂಬ ನೀರಿನ ಹಬ್ಬ. ಪಟ್ಟಣದಲ್ಲಿ ದುಡಿಯುವ ಹಳ್ಳಿಗರೆಲ್ಲ ಗಂಟುಮೂಟೆ ಕಟ್ಟಿಕೊಂಡು ಊರಿಗೆ ಹೊರಟಿದ್ದರು. ಬಸ್ ನಿಲ್ದಾಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ನೀಲಮ ಒಂದು ಟಿಕೇಟು ಕಿಟಕಿಯಿಂದ ಇನ್ನೊಂದಕ್ಕೆ ಓಡಿದಳು. ಎಲ್ಲಿ ಕೇಳಿದರೂ ಕಿಟಕಿಯವರು ನಗುನಗುತ್ತ ಕೈ ಜೋಡಿಸಿ, ಇಲ್ಲವೆಂದರು.

"ನಕ್ಕೋತ ಇಲ್ಲಂತಾರಲ್ಲ, ಜಗಳರೆ ಹೆಂಗ ಮಾಡೂದು?" ಎಂದು ಭರಮು ಚಡಪಡಿಸಿದ. ಜಗಳವಾಡಿಯೇ ಸೀಟು ಹಿಡಿದು, ಹಿಡಿಸಿ ಬಲ್ಲವನು ಅವನು.

ಕಡೆಗೆ ಕೊರಾಟ್ ಎಂಬ ಊರಿನವರೆಗೆ ಹೋಗುವ ವ್ಯಾನಿನಲ್ಲಿ ಮೂರು ಸೀಟು ಸಿಕ್ಕವು. ವ್ಯಾನು ಹೆದ್ದಾರಿಗೆ ಬಂದು ನಿಂತೇಬಿಟ್ಟಿತು. ಮುಂದೆ ಕಣ್ಣು ಹಾಯುವವರೆಗೂ ಕೆಂಪು ದೀಪಗಳು. ಭರಮು ಡ್ರೈವರನ ಹಿಂದೆಯೇ ಕೂತಿದ್ದ. ಅವನ ಬಲಗಾಲು ತಾನಾಗಿಯೇ ಬ್ರೇಕು ತುಳಿಯುತ್ತಿತ್ತು. "ಎಡಕ್ಕ ತಗೋ... ಅಲ್ಲೈತಿ ನೋಡೋ ಜಾಗಾ... ಹಾರ್ನರೆ ಹೊಡಿ ಮಾರಾಯಾ" ಎಂದು ಗೊಣಗುತ್ತಲೇ ಇದ್ದ. ಆ ದೇಶದಲ್ಲಿ ಯಾರೂ ಹಾರ್ನು ಹೊಡೆಯುತ್ತಿರಲಿಲ್ಲ. ಅದು ಅವನಿಗೆ ಎಲ್ಲಕ್ಕಿಂತ ಹೆಚ್ಚಿನ ಹಿಂಸೆ. ಕೊರಾಟ್ ತಲುಪಿದಾಗ ಮೊಣಕಾಲು ಮಡಚಲೂ ಬಾರದು, ಚಾಚಲೂ ಬಾರದು. ಸಿಕ್ಕಿದ ಒಂದು ಕೋಣೆಯಲ್ಲಿ ಮೂವರೂ ಬಟ್ಟೆ ಕೂಡ ಬದಲಿಸದೆ ಮಲಗಿದರು.

ಮರುದಿನ ಅಲ್ಲಿಂದ ಮುಂದಕ್ಕೆ ಹಳೆಯ ಕೆಂಪು ಬಸ್ಸು. ಎಲ್ಲ ಕಿಟಕಿಗಳೂ ತೆರೆದಿದ್ದವು, ಬಿಸಿಗಾಳಿ ಮುಖಕ್ಕೆ ಬಡಿಯುತ್ತಿತ್ತು. ಹೊರಗೆ ಒಣಗಿದ ಗದ್ದೆ, ನಡುನಡುವೆ ಕಟಾವಾಗಿ ಒಣ ಸೋಗೆ ಸುಟ್ಟ ಕಬ್ಬಿನ ಹೊಲ. "ನೋಡ್ರಿ, ರವದಿ ಸುಟ್ಟಾರ, ನಮ್ಮಲ್ಲಿ ಸುಡೂವಂಗನ" ಎಂದು ಸಕ್ಕುಬಾಯಿ ಗಂಡನ ಭುಜ ತಟ್ಟಿ ತೋರಿಸಿದಳು. ಅವನು ಆ ಕಡೆ ತಿರುಗುವಷ್ಟರಲ್ಲಿ ರಸ್ತೆ ಬದಿ ನಿಂತಿದ್ದ ಹುಡುಗರ ಗುಂಪು ಕಿಟಕಿಯೊಳಗೆ ಬಕೆಟ್ಟುಗಟ್ಟಲೆ ನೀರು ಎರಚಿತು. ಒಬ್ಬಳು ಹುಡುಗಿ ನಿಧಾನಿಸಿದ ಬಸ್ಸು ಹತ್ತಿ ಬಂದು ಭರಮುವಿನ ಎರಡೂ ಕೆನ್ನೆಗೆ ಬಿಳಿ ಸುಣ್ಣದಂಥ ಹಿಟ್ಟು ಸವರಿ, ಕೈ ಮುಗಿದು ಇಳಿದುಹೋದಳು. ಬಸ್ಸಿನವರೆಲ್ಲ ನಕ್ಕರು. ನಗದವನು ಭರಮು ಒಬ್ಬನೇ. ನಗದವಳು ನೀಲಮ ಒಬ್ಬಳೇ. ಅವಳ ಕೈಯಲ್ಲಿದ್ದ ಮೊಬೈಲು ನೀರು ಕುಡಿದು ಕಪ್ಪಾಗಿತ್ತು. ದಾರಿ, ನಕ್ಷೆ, ನೊಯ್‌ಳ ನಂಬರು ಎಲ್ಲವೂ ಅದರಲ್ಲಿದ್ದವು.

ಉಳಿದದ್ದು ಊರಿನ ಹೆಸರು ಒಂದೇ, ನೋಂಗ್ ಬುವಾ. ನೀಲಮ ಅದನ್ನೇ ಕಂಡಕ್ಟರಿಗೆ ಹೇಳಿದಳು. ಅವನು ತಲೆಯಾಡಿಸಿದ. ಒಂದು ಕವಲುದಾರಿಯಲ್ಲಿ ಇಳಿಸಿ, ಬೆರಳು ತೋರಿಸಿ ಹೋದ. ಬಿಸಿಲಲ್ಲಿ ಚೀಲ ಹೊತ್ತು ನಡೆದು ಊರು ಸೇರಿದರೆ, ಅಲ್ಲಿ ಅಜ್ಜಿಯನ್ನು ಬಲ್ಲವರೇ ಇಲ್ಲ. ಒಂದು ಕಿರಾಣಿ ಅಂಗಡಿಯ ಹೆಂಗಸು ಅರ್ಧಂಬರ್ಧ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದಳು. ನೋಂಗ್ ಬುವಾ ಎಂದರೆ ತಾವರೆಯ ಕೆರೆ. ಆ ಸೀಮೆಯಲ್ಲಿ ಕೆರೆಯಿದ್ದ ಕಡೆಯೆಲ್ಲ ಒಂದೊಂದು ನೋಂಗ್ ಬುವಾ ಇದೆ.

ಭರಮು ಚೀಲವನ್ನು ನೆಲಕ್ಕೆ ಎತ್ತಿಹಾಕಿದ.

"ನಾ ಮೊದಲs ಹೇಳಿದ್ನಿ. ಮೊಬೈಲ ನಂಬಿ ದೇಶಾ ತಿರಗಾಕ ಬಂದೀದಿ. ಒಂದ ಊರ ಹೆಸರ ಸರಿ ಕೇಳಾಕ ಬರೂದಿಲ್ಲ ನಿನಗ. ಏನ ಕಲ್ತಿಯೋ ಏನೋ!"

ನೀಲಮ ಅಂಗಡಿಯ ಮುಂದಿನ ಬಿದಿರಿನ ಕಟ್ಟೆಯ ಮೇಲೆ ಕೂತು, ಒದ್ದೆ ಓಢಣಿಯಲ್ಲಿ ಮುಖ ಮುಚ್ಚಿಕೊಂಡಳು. ಭುಜ ಅಲುಗುತ್ತಿತ್ತು. ಮನೆ ಬಿಟ್ಟಾಗಿನಿಂದ ಟಿಕೇಟು, ಊಟ, ಕೋಣೆ, ಅಪ್ಪನ ಮೊಣಕಾಲಿನ ಗುಳಿಗೆ, ಎಲ್ಲವನ್ನೂ ಅವಳೊಬ್ಬಳೇ ಎಳೆದಿದ್ದಳು. ಆಸ್ಪತ್ರೆಯಲ್ಲಿ ಎಂಥ ಗಾಯ ಕಂಡರೂ ಅಳದ ಮಗಳು ಪರದೇಶದ ಕಟ್ಟೆಯ ಮೇಲೆ ಅಳುವುದನ್ನು ಕಂಡು ಭರಮು ಎರಡು ಸಲ ಹತ್ತಿರ ಹೋದ, ಎರಡು ಸಲ ಹಿಂದೆ ಬಂದ. ಕಡೆಗೆ ಅಂಗಡಿಯಿಂದ ತಣ್ಣನೆಯ ಸೋಡಾ ತಂದು ಅವಳ ಪಕ್ಕ ಇಟ್ಟ.

"ಕುಡಿ. ನಿಂದ ಏನ ತಪ್ಪಿಲ್ಲವಾ. ನನಗ ಗಾಡ್ಯಾಗ ಸುಮ್ಮ ಕುಂತ ರೂಢಿ ಇಲ್ಲ. ಅದಕ್ಕ ಬಾಯಿ ಹೋಗತೈತಿ."

ಅಷ್ಟರಲ್ಲಿ ಸಕ್ಕುಬಾಯಿ ಡಬ್ಬಿ ಬಿಚ್ಚಿ ಅಂಗಡಿಯವಳ ಅಂಗೈಗೆ ಮಣೂಕ ಸುರಿದಿದ್ದಳು. ಅವಳು ಬಿದಿರಿನ ಬುಟ್ಟಿಯಿಂದ ಅಂಟು ಅನ್ನ ತೆಗೆದು ಮುದ್ದೆ ಮಾಡಿ ಕೊಟ್ಟಳು. ತನ್ನ ಮೊಬೈಲನ್ನೂ ಕೊಟ್ಟಳು. ನೀಲಮ ಕಣ್ಣೊರಸಿಕೊಂಡು ಅದರಲ್ಲಿ ತನ್ನ ಫೇಸ್‌ಬುಕ್ ತೆರೆದಳು. ಸ್ವಲ್ಪ ಹೊತ್ತಿಗೆ ನೊಯ್ ಸಿಕ್ಕಳು. ಅವರ ನೋಂಗ್ ಬುವಾ ಇನ್ನೂ ದೂರ, ಬೇರೆ ಜಿಲ್ಲೆಯಲ್ಲಿ. ಹಬ್ಬದ ದಿನ ಕುಡಿದು ಊರಿನ ಗಂಡಸರು ಯಾರೂ ಗಾಡಿ ಹೊಡೆಯುವ ಸ್ಥಿತಿಯಲ್ಲಿಲ್ಲ, ಕತ್ತಲಾಗುವುದರೊಳಗೆ ನಾನೊಬ್ಬಳೇ ಅಷ್ಟು ದೂರ ಬಂದು ಹೋಗಲಾರೆ. ನಾಳೆ ಬೆಳಿಗ್ಗೆ ದೊಡ್ಡ ರಸ್ತೆಯ ಪೇಟೆಯವರೆಗೆ ಬನ್ನಿ, ನಾನೇ ಬಂದು ಕರೆದೊಯ್ಯುತ್ತೇನೆ ಎಂದಳು. ಅಂಗಡಿಯವಳು ಆ ದಿನ ಮೂವರಿಗೂ ತನ್ನ ಮನೆಯಲ್ಲೇ ಚಾಪೆ ಹಾಸಿದಳು. ಅವರ ಹೆಸರು ಕೇಳುವುದೂ ಅವಳಿಗೆ ನೆನಪಾಗಿದ್ದು ಆಮೇಲೆಯೇ.

ಬೆಳಿಗ್ಗೆ ಪೇಟೆಗೆ ಹೋಗಲು ಸಿಕ್ಕಿದ್ದು ಹಿಂದೆ ಎರಡು ಬೆಂಚು ಹಾಕಿ ಮೇಲೆ ತಗಡು ಹೊದಿಸಿದ ಪಿಕಪ್ ಗಾಡಿ. ಭರಮು ಮೊದಲು ಹತ್ತಿ ಕೂತ. ಗಾಡಿ ಹೊರಡಲಿಲ್ಲ. ಡ್ರೈವರು ನೆರಳಿನಲ್ಲಿ ಸಿಗರೇಟು ಸೇದುತ್ತ ನಿಂತಿದ್ದ. ಒಬ್ಬಳು ಕೋಳಿ ಹಿಡಿದು ಬಂದಳು, ಒಬ್ಬ ಹೂವಿನ ಬುಟ್ಟಿ ತಂದ. ಆದರೂ ಹೊರಡಲಿಲ್ಲ.

"ಯಾಕ ನಿಂತಾನಿವಾ? ಬಿಸಲಾಗ ಜೀವ ಹೋಗಾಕತ್ತೈತಿ" ಎಂದ ಭರಮು.

"ಸೀಟ ತುಂಬಿಲ್ಲರಿ" ಎಂದಳು ಸಕ್ಕುಬಾಯಿ, ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ. "ಈಗ ಗೊತ್ತಾತೇನು?"

ಎರಡು ದಿನದಲ್ಲಿ ಭರಮು ಮೊದಲ ಸಲ ನಕ್ಕ. ಕೆಳಗಿಳಿದು ಡ್ರೈವರನ ಪಕ್ಕ ಹೋಗಿ ನಿಂತು, ಸ್ಟೇರಿಂಗು ತಿರುಗಿಸುವ ಹಾಗೆ ಕೈಯಾಡಿಸಿ ತನ್ನ ಎದೆ ಮುಟ್ಟಿ ತೋರಿಸಿದ. ಅವನಿಗೆ ತಿಳಿಯಿತು. ಭರಮುವನ್ನು ಮುಂದಿನ ಸೀಟಿಗೆ ಕರೆದ. ದಾರಿಯುದ್ದಕ್ಕೂ ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲಿ ಡೀಸೆಲ್ಲು, ಕ್ಲಚ್ಚು, ಹಾಳು ರಸ್ತೆಯ ಬಗ್ಗೆ ಮಾತಾಡಿದರು. ಹಾಗೆಂದು ಭರಮು ಇಂದಿಗೂ ಹೇಳುತ್ತಾನೆ.

ಪೇಟೆಯಲ್ಲಿ ನೊಯ್ ಕಾಯುತ್ತಿದ್ದಳು. ಅವಳ ಗಾಡಿಯಲ್ಲಿ ಮಧ್ಯಾಹ್ನದ ಹೊತ್ತಿಗೆ ಸರಿಯಾದ ನೋಂಗ್ ಬುವಾ ಸೇರಿದರು. ದಾರಿಯಲ್ಲೇ ನೊಯ್ ನೀಲಮಳಿಗೆ ಒಂದು ಮಾತು ಹೇಳಿದ್ದಳು. ಗಾಡಿ ಇಳಿಯುವಾಗ ನೀಲಮ ಅದನ್ನು ಅವ್ವನಿಗೆ ತಿಳಿಸಿದಳು.

"ಅವ್ವಾ, ಅಜ್ಜಿಗೆ ಈಗ ಯಾರ ಗುರುತೂ ಹತ್ತಾಂಗಿಲ್ಲಂತ. ಮಕ್ಕಳ್ನೂ ಒಮ್ಮೊಮ್ಮಿ ಮರೀತಾಳಂತ."

ಸಕ್ಕುಬಾಯಿ ಡಬ್ಬಿಯ ಮುಚ್ಚಳ ಒತ್ತಿದಳು. "ಇರ್ಲಿ ತಗಿ. ನನಗ ಗುರುತೈತೆಲ್ಲ."

ಕಂಬಗಳ ಮೇಲೆ ನಿಂತ ಮರದ ಮನೆ. ಅದರ ಕೆಳಗಿನ ನೆರಳಿನಲ್ಲಿ ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿದ್ದರು. ಒಣಗಿದ ಎಲೆಯಷ್ಟೇ ಹಗುರಾಗಿದ್ದಳು. ಮಕ್ಕಳು ಮೊಮ್ಮಕ್ಕಳು ಒಬ್ಬೊಬ್ಬರಾಗಿ ಮಂಡಿಯೂರಿ, ಮಲ್ಲಿಗೆ ತೇಲುತ್ತಿದ್ದ ನೀರನ್ನು ಅವಳ ಅಂಗೈಗೆ ಎರೆದು ಆಶೀರ್ವಾದ ಪಡೆಯುತ್ತಿದ್ದರು. ಹಬ್ಬದ ನೀರು ಎಂದರೆ ಇದು, ರಸ್ತೆಯದ್ದು ಹುಡುಗರ ಆಟ ಎಂದಳು ನೊಯ್. ಸಕ್ಕುಬಾಯಿಯೂ ಮಂಡಿಯೂರಿದಳು. ನೀರು ಎರೆದಳು. ಅಜ್ಜಿ ಅವಳ ಮುಖವನ್ನೇ ದಿಟ್ಟಿಸಿದಳು. ಇದ್ದಕ್ಕಿದ್ದಂತೆ ಅವಳ ಒದ್ದೆ ಕೈ ಸಕ್ಕುಬಾಯಿಯ ಗಲ್ಲ ಹಿಡಿಯಿತು. ಏನೋ ಕೇಳಿದಳು, ಗದರಿಸುವ ದನಿಯಲ್ಲಿ.

ನೊಯ್‌ಳ ಕಣ್ಣು ತುಂಬಿತು. ಅವಳು ಹೇಳಿದ್ದನ್ನು ನೀಲಮ ತಿಳಿಸಿದಳು. "ನಿನ್ನ ತನ್ನ ಸಣ್ಣ ತಂಗಿ ಅಂತ ತಿಳಕೊಂಡಾಳವ್ವಾ. ಆಕಿ ಸತ್ತು ಭಾಳ ವರ್ಷಾತಂತ. ಇಷ್ಟ ದಿನ ಎಲ್ಲಿ ಹೋಗಿದ್ದಿ, ಯಾಕ ಬರಲಿಲ್ಲ ಅಂತ ಬೈಯಾಕತ್ತಾಳ."

"ಅಯ್ಯ, ನೀ ಯಾರಂತ ಅಜ್ಜಿಗೆ ಹೇಳಾಕ ಆ ಹುಡಿಗಿಗೆ ಹೇಳ" ಎಂದ ಭರಮು. "ಶೇಡಬಾಳದಿಂದ ಬಂದೀವಿ, ಆ ಮೂರ್ತಿ ತಂದ ಜೀಪು..."

"ಸುಮ್ಮ ಕುಂದರ್ರಿ" ಎಂದಳು ಸಕ್ಕುಬಾಯಿ, ಅಜ್ಜಿಯ ಕೈ ಬಿಡದೆ. "ಆಕಿ ಕರದಾಳ, ನಾ ಓ ಅಂದೀನಿ. ತಂಗಿ ಅಂದ್ರ ತಂಗಿ."

ಆಮೇಲೆ ಅಜ್ಜಿಯತ್ತ ತಿರುಗಿ, "ಹಾದಿ ಭಾಳ ದೂರ ಆತಕ್ಕಾ. ಬಸ್ಸಿಗೆ ಜಾಗಾ ಸಿಗಲಿಲ್ಲ" ಎಂದಳು. ಅಜ್ಜಿ ಗೊಣಗಿದಳು, ಸಮಾಧಾನಗೊಂಡವಳಂತೆ ತಲೆಯಾಡಿಸಿದಳು. ಆ ಇಡೀ ಮಧ್ಯಾಹ್ನ ಇಬ್ಬರೂ ಮಾತಾಡಿದರು. ಸಕ್ಕುಬಾಯಿ ಮಣೂಕವನ್ನು ನೀರಲ್ಲಿ ನೆನೆಸಿ ಒಂದೊಂದಾಗಿ ಬಾಯಿಗಿಟ್ಟಳು. ಅಜ್ಜಿ ಚೀಪುತ್ತ, ಯಾವುದೋ ಹಳೆಯ ಕೆರೆಯ, ಹಳೆಯ ಎಮ್ಮೆಯ ಕತೆ ಹೇಳಿದಳು ಎಂದು ನೊಯ್ ಹೇಳಿದಳು. ಸಕ್ಕುಬಾಯಿ ತನ್ನ ತೋಟದ ಕೆಲಸ, ನೀಲಮಳ ಮದುವೆಯ ಚಿಂತೆ, ಗಂಡನ ಮೊಣಕಾಲು ಎಲ್ಲವನ್ನೂ ಹೇಳಿಕೊಂಡಳು. ಸಂಜೆ ನೀಲಮ ಬ್ಯಾಂಕಾಕಿಗೆ ತಿರುಗಿ ಹೋಗುವ ಬಸ್ಸು ವಿಚಾರಿಸಲು ಎದ್ದಾಗ ಭರಮುವೇ, "ಅವಸರ ಯಾಕ? ನಾಳಿ ನೋಡೂಣ ತಗಿ" ಎಂದ. ಆ ಹೊತ್ತಿಗೆ ಅತ್ತ ತಮ್ಮೂರಲ್ಲಿ ಜಯಂತಿಯ ಮೆರವಣಿಗೆ ಹೊರಟಿತ್ತು. ಅವನು ಅಜ್ಜಿಯ ಮನೆಯವರಿಂದ ಒಂದು ಮೇಣದಬತ್ತಿ ಇಸಿದುಕೊಂಡು, ಅವರ ಬುದ್ಧನ ಮುಂದೆ ಹಚ್ಚಿ, ಗಟ್ಟಿಯಾಗಿ "ಜೈಭೀಮ" ಎಂದ. ಮನೆಯ ಮಕ್ಕಳು ಅವನು ಹೇಳಿದ ಹಾಗೆಯೇ ಹೇಳಿ ಕುಣಿದರು.

ತಿರುಗಿ ಬರುವಾಗಲೂ ಬಸ್ಸು ತಡವಾಯಿತು, ಚೀಲವೊಂದು ಕಳೆಯಿತು. ಭರಮು ಗೊಣಗಿದ, ಆದರೆ ಮಗಳ ಮೇಲಲ್ಲ.

ಕಾರ ಹುಣ್ಣಿಮೆ ಕಳೆದು ಕೃಷ್ಣೆಗೆ ಹೊಸ ನೀರು ಬಂದ ಹೊತ್ತಿಗೆ ನೊಯ್ ಸುದ್ದಿ ಕಳಿಸಿದಳು. ಅಜ್ಜಿ ನಿದ್ದೆಯಲ್ಲೇ ಹೋಗಿದ್ದಳು. ಸಕ್ಕುಬಾಯಿ ಆ ದಿನ ಕೆಲಸಕ್ಕೆ ಹೋಗಲಿಲ್ಲ. ಒಲೆ ಹಚ್ಚಲಿಲ್ಲ. ಶೆಡ್ಡಿನ ಹೆಂಗಸರು ವಿಚಾರಿಸಲು ಬಂದರು.

"ಯಾರ ಹೋದ್ರ, ಸಕ್ಕಕ್ಕಾ?" ಎಂದಳು ಅವರಲ್ಲಿ ಹಿರಿಯಳಾದ ತುಳಸವ್ವ.

"ನಮ್ಮಕ್ಕ."

"ನಿನಗೊಬ್ಬಾಕಿ ಅಕ್ಕ ಇದ್ಲೇನ? ನಾವ ಯಾವತ್ತೂ ನೋಡಿಲ್ಲಲ್ಲ."

"ಭಾಳ ದೂರ ಇದ್ದಳಬೇ" ಎಂದು ಸಕ್ಕುಬಾಯಿ ಸೆರಗಿನಿಂದ ಮೂಗು ಒರೆಸಿಕೊಂಡಳು.

ಭರಮು ಒಳಗಿನಿಂದ ತಾನೇ ಕಾಸಿದ ಚಹಾ ತಂದು ಎಲ್ಲರ ಮುಂದಿಟ್ಟ. ಸಕ್ಕರೆ ವಿಪರೀತ ಹೆಚ್ಚಾಗಿತ್ತು. ಎಲ್ಲರೂ ಲೋಟ ಖಾಲಿಯಾಗುವವರೆಗೆ ಕುಡಿದರು.