ಹಂಡನ ಕಾಲಿಗೆ ಕಟ್ಟಿದ ಕಟ್ಟು

ಉದ್ದಿನ ಹಿಟ್ಟಿಗೆ ನೀರು ಬಿದ್ದ ಕೂಡಲೇ ಒಂದು ಹಸಿ ವಾಸನೆ ಏಳುತ್ತದಲ್ಲ, ಅದು ಮೂಗಿಗೆ ಬಡಿದರೆ ಇವತ್ತಿಗೂ ನನ್ನ ಎದೆ ಡವಡವ ಎನ್ನುತ್ತದೆ. ಹಪ್ಪಳ ಮಾಡುವ ಮನೆಗೆ ಹೋದರೆ ಎಲ್ಲರೂ ಹಿಟ್ಟಿನುಂಡೆ ಬಾಯಿಗೆ ಹಾಕಿಕೊಂಡು ಚಪ್ಪರಿಸುತ್ತಾರೆ. ನಾನು ಏನೋ ನೆಪ ಹೇಳಿ ಪಡಸಾಲೆಗೆ ಬಂದು ಕೂರುತ್ತೇನೆ. ಇವಳಿಗೆ ಉದ್ದು ಆಗಿಬರಲ್ಲ ಎಂದು ನನ್ನ ನಾದಿನಿ ಊರಿಗೆಲ್ಲ ಸಾರಿದ್ದಾಳೆ. ಆಗಿಬರದೆ ಏನು, ಉದ್ದಿನ ವಡೆ ಎಷ್ಟು ಕೊಟ್ಟರೂ ತಿಂದೇನು! ಆ ಹಸಿ ಹಿಟ್ಟಿನ ವಾಸನೆಗೆ ಮಾತ್ರ ನ್ಯಾಮತಿಯ ನಮ್ಮ ಮನೆಯ ಹಿತ್ತಿಲು, ಬಟ್ಟೆ ಒಗೆಯುವ ಕಲ್ಲು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕುಕ್ಕರುಗಾಲಲ್ಲಿ ಕೂತ ನನ್ನ ಅಜ್ಜಿ, ಅವಳ ಮುಂದೆ ಗೋಣಿಚೀಲದ ಮೇಲೆ ಮಲಗಿದ ಹಂಡ, ಎಲ್ಲ ಒಟ್ಟಿಗೆ ಎದ್ದು ಬರುತ್ತವೆ. ಅವರ‍್ಯಾರೂ ಈಗ ಇಲ್ಲ. ಆ ಮನೆಯ ಜಾಗದಲ್ಲಿ ಯಾರದೋ ಪೈಪಿನ ಅಂಗಡಿ ಇದೆ. ನಿಮ್ಮ ಪಾಲಿಗೂ ಅಂಥದೊಂದು ಮನೆ ಇದ್ದು ಹೋಗಿದ್ದರೆ ನಾನು ಹೆಚ್ಚು ಹೇಳಬೇಕಾಗಿಲ್ಲ.

ಹಂಡ ನಮ್ಮ ಅಜ್ಜನ ನಾಯಿ. ಬಿಳಿ ಮೈಮೇಲೆ ದೊಡ್ಡ ದೊಡ್ಡ ಕಪ್ಪು ಮಚ್ಚೆ ಇದ್ದುದರಿಂದ ಆ ಹೆಸರು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಆ ದಿನಗಳಲ್ಲಿ ನಾನು ನಾಲ್ಕನೇ ಕ್ಲಾಸಿನಲ್ಲಿದ್ದೆ, ಹಂಡನಿಗೆ ಆಗಲೇ ಮುಖ ನರೆತಿತ್ತು. ಅಜ್ಜ ಗಾಡಿ ಹೂಡಿದನೆಂದರೆ ಹಂಡ ಗಾಡಿಯ ಕೆಳಗೆ, ಎರಡು ಗಾಲಿಗಳ ನಡುವಿನ ನೆರಳಿನಲ್ಲಿ ನಡೆಯುತ್ತಿದ್ದ. ಹೊಲದವರೆಗೂ ಹಾಗೇ, ಬಿಸಿಲು ತಾಗಿಸಿಕೊಳ್ಳದೆ, ಭಾರಿ ಗತ್ತಿನಿಂದ. ಎತ್ತು ತಿರುಗಿಸುವ ಮೊದಲು ಅಜ್ಜ ಒಂದು ಕೂಗು ಹಾಕಿದರೆ ಈಚೆ ಬಂದು ನಿಲ್ಲುತ್ತಿದ್ದ. ಅಜ್ಜ ತೀರಿಕೊಂಡ ಮೇಲೆ ಗಾಡಿ ಚಿಕ್ಕಪ್ಪನ ಕೈಗೆ ಬಂತು. ನನ್ನ ಅಪ್ಪ ಜಗಳೂರಿನಲ್ಲಿ ಮೇಷ್ಟ್ರು, ಹಬ್ಬಕ್ಕೆ ಬಂದರೆ ಬಂದ, ಇಲ್ಲದಿದ್ದರೆ ಇಲ್ಲ, ಹೊಲಮನೆಯೆಲ್ಲ ಚಿಕ್ಕಪ್ಪನದೇ. ಗಾಡಿ ಹೂಡುವುದು ಅವನಿಗೆ ಗೊತ್ತಿತ್ತು, ಆ ಕೂಗು ಗೊತ್ತಿರಲಿಲ್ಲ. ಬೇಸಿಗೆಯಲ್ಲಿ ತಿಪ್ಪೆಗೊಬ್ಬರ ತುಂಬಿಕೊಂಡು ಹೋದವನು ಹೊಲದ ಬಾಯಿಗೆ ಎತ್ತನ್ನು ಗಕ್ಕನೆ ತಿರುಗಿಸಿದ. ಗೊಬ್ಬರ ತುಂಬಿದ ಗಾಡಿಯ ಗಾಲಿ ಹಂಡನ ಹಿಂಗಾಲ ಮೇಲೆ ಹರಿಯಿತು.

ಚಿಕ್ಕಪ್ಪ ಅವನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದ. ಅಂಗಿಯೆಲ್ಲ ರಕ್ತ, ಮುಖದಲ್ಲಿ ಕಳೆಯಿಲ್ಲ. ಹಂಡನನ್ನು ಅಂಗಳದಲ್ಲಿ ಮಲಗಿಸಿ ಬಾಯಿಗೆ ಬಂದಂತೆ ಬೈಯತೊಡಗಿದ. ತನ್ನನ್ನು ತಾನೇ ಬೈದುಕೊಳ್ಳುತ್ತಿದ್ದ ಎಂದು ನನಗೆ ಎಷ್ಟೋ ವರ್ಷಗಳ ಮೇಲೆ ಹೊಳೆಯಿತು. ಆಗ ಅವನು ರಾಕ್ಷಸನೇ ಎಂದುಕೊಂಡಿದ್ದೆ. "ಮುದಿ ನಾಯಿ ಇದು, ಅವ್ವ. ಮೂಳೆ ಕೂಡೋ ವಯಸ್ಸಲ್ಲ. ಇದು ನರಳೋದು ನೋಡಾಕೆ ನನ್ ಕೈಲಿ ಆಗಲ್ಲ. ಬಿತ್ತನೆ ಹೊತ್ತಿಗೆ ಕಾಲೂರಿ ನಡೆದ್ರೆ ಸರಿ, ಇಲ್ಲಾಂದ್ರೆ ಡಾಕ್ಟ್ರಿಗೆ ಹೇಳಿ ಒಂದು ಸೂಜಿ ಹಾಕಿಸ್ತೀನಿ." ಆ ಸೂಜಿ ಎಂಥದೆಂದು ಯಾರೂ ನನಗೆ ಬಿಡಿಸಿ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಅಜ್ಜಿ ಹಂಡನ ಮೂಗಿನ ಮುಂದೆ ನೀರಿನ ಬಟ್ಟಲು ಇಟ್ಟಳು. "ಬಿತ್ತನೆಗೆ ಇನ್ನೂ ಹೊತ್ತೈತೆ," ಎಂದಳು.

ಅಂದಿನಿಂದ ನನಗೆ ಆಕಾಶ ನೋಡುವುದೇ ಒಂದು ಕಾಯಿಲೆಯಾಯಿತು. ಊರಿಗೆ ಊರೇ ಮಳೆಗೆ ಬಾಯಿ ಬಿಟ್ಟುಕೊಂಡು ಕೂತಿತ್ತು. ಕಟ್ಟೆಯ ಮೇಲೆ ಕೂತವರೆಲ್ಲ ಯಾವ ನಕ್ಷತ್ರದ ಮಳೆ ಯಾವಾಗ ಹುಟ್ಟುತ್ತದೆ, ಯಾವುದು ಕೈಕೊಡುತ್ತದೆ ಎಂದೇ ಮಾತಾಡುತ್ತಿದ್ದರು. ನಾನೊಬ್ಬಳು ದೇವರ ಕೋಣೆಯ ಮುಂದೆ ನಿಂತು, ಶಿವನೇ, ಈ ಸಲ ತಡವಾಗಿ ಬರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಯಾರಿಗಾದರೂ ಕೇಳಿಸಿದ್ದರೆ ಬೆನ್ನು ಮುರಿಯುತ್ತಿದ್ದರು.

ಸಾಸ್ವೆಹಳ್ಳಿ ಕಡೆ ಮೂಳೆ ಕಟ್ಟುವವರೊಬ್ಬರಿದ್ದರು. ಅವರು ನಾಯಿಯನ್ನು ಮುಟ್ಟುವುದಿಲ್ಲವೆಂದರು, ಆದರೆ ಕಟ್ಟುವ ಬಗೆ ಹೇಳಿ ಕಳಿಸಿದರು: ಉದ್ದಿನ ಹಿಟ್ಟು, ಕೋಳಿಮೊಟ್ಟೆಯ ಬಿಳಿ, ಮೇಲೆ ಬಿದಿರಿನ ದಬ್ಬೆ. ಚಿಕ್ಕಪ್ಪ ಇದನ್ನು ಹೇಳಿ ಮುಗಿಸುವ ಮೊದಲೇ ನನ್ನ ಅಮ್ಮ ಕಿವಿ ಮುಚ್ಚಿಕೊಂಡಳು. ನಮ್ಮದು ಕೊರಳಲ್ಲಿ ಲಿಂಗ ಕಟ್ಟಿದವರ ಮನೆ. ಮೊಟ್ಟೆ ಹೊಸ್ತಿಲು ದಾಟುವುದಿರಲಿ, ಆ ಮಾತನ್ನು ಊಟದ ಹೊತ್ತಿಗೆ ಆಡಿದರೂ ಎದ್ದು ಕೈತೊಳೆಯುವವರಿದ್ದರು. "ಅತ್ತೆ, ನಾಯಿ ಬದುಕ್ಲಿ, ಬ್ಯಾಡ ಅನ್ನಲ್ಲ. ಆದ್ರೆ ಅದು ಮನಿಗೆ ಬಂದ್ರೆ ನಾ ಒಲೆ ಹಚ್ಚಲ್ಲ ನೋಡ್ರಿ," ಎಂದಳು ಅಮ್ಮ. ಅಜ್ಜಿಗೂ ಬೇರೆ ದಾರಿ ಕಂಡರೆ ಸಾಕಾಗಿತ್ತು. ಗೋಡೆಗೆ ಹಾಕುವ ಗಾರೆಗೆ ಬೆಲ್ಲ ಸುಣ್ಣ ಕಲಸುವುದಿಲ್ಲವೇ, ಅದು ಕಲ್ಲಾಗುವುದಿಲ್ಲವೇ ಎಂದು ಲೆಕ್ಕ ಹಾಕಿ, ಮೊಟ್ಟೆಯ ಬದಲು ಬೆಲ್ಲದ ಪಾಕಕ್ಕೆ ಚಿಟಿಕೆ ಸುಣ್ಣ ಬೆರೆಸಿ ಉದ್ದಿನ ಹಿಟ್ಟಿಗೆ ಸುರಿದಳು. ಕಟ್ಟು ನೋಡಲು ಚೆಂದವಾಗಿಯೇ ಬಂತು. ನಾವೆಲ್ಲ ಒಳಗೆ ಹೋಗಿ ಊಟ ಮಾಡಿ ಬರುವಷ್ಟರಲ್ಲಿ ಹಂಡ ಅರ್ಧ ಕಟ್ಟನ್ನು ನೆಕ್ಕಿ ಮುಗಿಸಿದ್ದ. ಬೆಲ್ಲ ಹಾಕಿದ್ದನ್ನು ಯಾವ ನಾಯಿ ಬಿಟ್ಟೀತು? ಉಳಿದರ್ಧಕ್ಕೆ ಇರುವೆ ಸಾಲು ಹಿಡಿದಿತ್ತು. ಮೊದಲು ನಗು ಬಂತು. ಬೆಳಗಾಗುವುದರೊಳಗೆ ಕಾಲು ಕುಂಬಳಕಾಯಿಯಂತೆ ಊದಿ, ಹಂಡ ನೀರನ್ನೂ ಬಿಟ್ಟಾಗ ಮನೆಯಲ್ಲಿ ಯಾರೂ ನಗಲಿಲ್ಲ.

ಅಜ್ಜಿ ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡವಳು ಬಾಯಿಗೆ ಏನನ್ನೂ ಹಾಕಿಕೊಳ್ಳದೆ ಚಿಕ್ಕಪ್ಪನನ್ನು ಕರೆದಳು. "ಹೋಗಿ ಅದನ್ನ ತಗಂಬಾ," ಎಂದಳು. ಯಾವುದನ್ನು ಎಂದು ಅವನು ಕೇಳಲಿಲ್ಲ. ಟವೆಲಿನಲ್ಲಿ ಸುತ್ತಿ, ಕದ್ದ ಮಾಲಿನ ಹಾಗೆ ಬಗಲಲ್ಲಿ ಇಟ್ಟುಕೊಂಡು, ಬೀದಿ ಬಿಟ್ಟು ಹಿತ್ತಿಲ ದಾರಿಯಿಂದ ತಂದ. ಅಮ್ಮ ಅಡುಗೆಮನೆಯ ಬಾಗಿಲು ಹಾಕಿಕೊಂಡಳು. ಅಜ್ಜಿ ಹುಟ್ಟಿದಾಗಿನಿಂದ ಮೊಟ್ಟೆ ಮುಟ್ಟಿದವಳಲ್ಲ. ಅವಳಿಗೆ ಒಡೆದು ಗೊತ್ತಿದ್ದುದು ತೆಂಗಿನಕಾಯಿ ಒಂದೇ. ಒಗೆಯುವ ಕಲ್ಲಿನ ಮುಂದೆ ಕೂತು, ಶಿವಶಿವಾ ಎಂದು, ದೇವರ ಕಾಯಿ ಒಡೆಯುವಂತೆ ಕೈ ಎತ್ತಿ ಕುಕ್ಕಿದಳು ನೋಡಿ! ಅವಳ ಮೂಗಿಗೆ, ನನ್ನ ಲಂಗಕ್ಕೆ, ಚಿಕ್ಕಪ್ಪನ ಮೀಸೆಗೆ, ಎಲ್ಲ ಕಡೆ ಲೋಳೆ. "ಅಯ್ಯೋ, ಇಷ್ಟು ಸೂಕ್ಷ್ಮ ಐತೇನೋ ಇದು?" ಎಂದು ಅಜ್ಜಿ ಬೆಪ್ಪಾಗಿ ಕೂತಳು. ಎರಡನೆಯದನ್ನು ಮಗುವಿನ ತಲೆ ಮುಟ್ಟುವ ಹಾಗೆ ಮುಟ್ಟಿ, ಉಗುರಿನಿಂದ ಬಿಡಿಸಿ, ಬಿಳಿಯನ್ನು ತೆಂಗಿನ ಕರಟಕ್ಕೆ ಇಳಿಸಿದಳು. ಹಂಡನ ಕಾಲನ್ನು ನೇರ ಮಾಡಿ ದಬ್ಬೆ ಕೂರಿಸುವಾಗ ಅವನು ಅಜ್ಜಿಯ ಮುಂಗೈಗೆ ಬಾಯಿ ಹಾಕಿದ, ಕಚ್ಚಲಿಲ್ಲ, ಹಲ್ಲು ಊರಿ ಹಿಡಿದುಕೊಂಡ ಅಷ್ಟೇ. ಅವಳೂ ಕೈ ಕಿತ್ತುಕೊಳ್ಳದೆ ಇನ್ನೊಂದು ಕೈಯಲ್ಲೇ ಬಟ್ಟೆ ಸುತ್ತಿದಳು. ಆಮೇಲೆ ತಲೆಗೆ ನೀರು ಹಾಕಿಕೊಂಡು ಮತ್ತೊಮ್ಮೆ ಪೂಜೆಗೆ ಕೂತಳು.

ಆ ಕಟ್ಟು ಕಲ್ಲಾಯಿತು. ಊತ ಇಳಿಯಿತು. ಅಜ್ಜಿ ರಾಗಿ ಅಂಬಲಿ ಕುಡಿಸುತ್ತಿದ್ದಳು, ಬೇಸಿಗೆ ರಜೆಯಾದ್ದರಿಂದ ನಾನು ದಿನವಿಡೀ ಪಕ್ಕದಲ್ಲೇ ನೊಣ ಓಡಿಸುತ್ತ ಕೂರುತ್ತಿದ್ದೆ. ಕಟ್ಟು ಬಿಚ್ಚಿದ ದಿನ ಮಾತ್ರ ನನ್ನ ಜೀವ ಬಾಯಿಗೆ ಬಂತು. ಒಳಗಿನಿಂದ ಹೊರಬಿದ್ದದ್ದು ಒಣಕಡ್ಡಿಯಂಥ ಕಾಲು. ಮೂಳೆಯೇನೋ ಕೂಡಿತ್ತು, ಹಂಡ ಅದನ್ನು ಊರಲು ಒಲ್ಲ. ಮೇಲೆತ್ತಿಕೊಂಡು ಮೂರೇ ಕಾಲಲ್ಲಿ ಕುಪ್ಪಳಿಸಿ ಬಿದ್ದುಬಿಡುತ್ತಿದ್ದ. ಅಜ್ಜಿ ಅಜ್ಜನ ಹಳೆಯ ಪಂಚೆಯನ್ನು ಮಡಿಸಿ ಅವನ ಹೊಟ್ಟೆಯ ಕೆಳಗೆ ಹಾಯಿಸಿ, ಎರಡೂ ತುದಿ ಹಿಡಿದೆತ್ತಿ ಅಂಗಳದಲ್ಲಿ ನಡೆಸತೊಡಗಿದಳು. ಇದು ಅವಳಿಗೆ ಹೊಸ ಕೆಲಸವಲ್ಲ. ಲಕ್ವ ಹೊಡೆದು ಅಜ್ಜ ಮಲಗಿದ್ದಾಗ ಹೀಗೇ ಸೊಂಟಕ್ಕೆ ಪಂಚೆ ಬಿಗಿದು, ಗೋಡೆ ಹಿಡಿಸಿ, ಒಂದು ಹೆಜ್ಜೆ ಇಡ್ರಿ, ಒಂದೇ ಒಂದು ಎಂದು ತಿಂಗಳುಗಟ್ಟಲೆ ಗೋಗರೆದಿದ್ದಳು. ಅಜ್ಜ ಆ ಹೆಜ್ಜೆ ಇಡಲೇ ಇಲ್ಲ. ಈಗ ಹಂಡನೂ ಅಷ್ಟೇ, ಪಂಚೆಯಲ್ಲಿ ಜೋತುಬಿದ್ದು, ಅವಳ ಮುಖ ನೋಡುತ್ತ, ಕಾಲನ್ನು ಮಾತ್ರ ನೆಲಕ್ಕೆ ತಾಗಿಸುತ್ತಿರಲಿಲ್ಲ.

ಅಷ್ಟರಲ್ಲಿ ಮಳೆ ಬಂತು. ಸಂಜೆಯೆಲ್ಲ ಸುರಿಯಿತು, ಊರೆಲ್ಲ ನಕ್ಕಿತು, ನಾನು ಕಂಬಳಿಯೊಳಗೆ ಅತ್ತೆ. ಹದ ನೋಡಿಕೊಂಡು ಚಿಕ್ಕಪ್ಪ ಬಿತ್ತುವ ಕೂರಿಗೆಯನ್ನು ಅಟ್ಟದಿಂದ ಇಳಿಸಿ ಶುಚಿ ಮಾಡಿದ, ಬೀಜದ ಜೋಳ ತೆಗೆದಿಟ್ಟ. "ನಾಳೆ ಬಿತ್ತನೆ, ಅವ್ವ," ಎಂದ. ಮಾತು ಅಲ್ಲಿಗೆ ನಿಲ್ಲಿಸಿ ಹಂಡನ ಕಡೆ ನೋಡಿದ. ಅವನ ಕಣ್ಣಲ್ಲೂ ನೀರಿತ್ತು. "ಇನ್ನೂ ಎಷ್ಟು ದಿನ ಇದನ್ನ ಹಿಂಗೆ ಹೊತ್ಕಂಡು ತಿರುಗ್ತೀಯ?" ಅಜ್ಜಿ ಪಂಚೆಯನ್ನು ಕೊಡವಿ ಮಡಿಸಿಟ್ಟಳು.

ಬೆಳಿಗ್ಗೆ ಅವನು ಹೊಲಕ್ಕೆ ಹೋದ ಮೇಲೆ ಅಜ್ಜಿ ಪಂಚೆ ಎತ್ತಿಕೊಂಡಳು. "ಬಾರೆ ಪುಟ್ಟಿ, ಇವತ್ತು ಇದನ್ನ ಹೊಲದ ದಾರಿಗೆ ಕರಕಂಡು ಹೋಗಾನ. ಅಂಗಳದಾಗೆ ಇದಕ್ಕೆ ಏನು ಕಾಣ್ತೈತೆ ಪಾಪ, ನಡೆಯಾಕೆ?" ಅಜ್ಜ ಹೋದ ಮೇಲೆ ಅವಳು ನಮ್ಮ ಬೀದಿ ದಾಟಿದ್ದು ಅದೇ ಮೊದಲು. ಬಾಗಿಲಲ್ಲಿ ನಿಂತ ಹೆಂಗಸರು ಬಾಯಿ ಮೇಲೆ ಬೆರಳಿಟ್ಟುಕೊಂಡರು. ಸೊಂಟ ಬಗ್ಗಿಸಿ, ನಾಯಿಯನ್ನು ತೂಗಿಕೊಂಡು, ಏದುಸಿರು ಬಿಡುತ್ತ ಅಜ್ಜಿ ನಡೆದಳು. ಊರು ಮುಗಿದು ಒದ್ದೆ ಎರೆಮಣ್ಣಿನ ದಾರಿ ಸಿಕ್ಕಿತು. ದೂರದಲ್ಲಿ ಚಿಕ್ಕಪ್ಪ ಎತ್ತುಗಳನ್ನು ಗದರುವ ಸದ್ದು ಕೇಳಿ ಹಂಡ ಕಿವಿ ನಿಮಿರಿಸಿ ಮುಂದಕ್ಕೆ ಜಗ್ಗಿದ. ಅಜ್ಜಿಯ ಕೈಯಿಂದ ಪಂಚೆಯ ಒಂದು ತುದಿ ಜಾರಿತು. ಇನ್ನೇನು ಬಿದ್ದ ಎಂದು ನಾನು ಕಣ್ಣು ಮುಚ್ಚಿದೆ. ತೆಗೆದಾಗ ಅವನು ವಾಲಾಡುತ್ತ, ಬೀಳದೆ, ಒಂದಷ್ಟು ದೂರ ಹೋಗಿದ್ದ. ಮೂರು ಕಾಲಲ್ಲೋ ನಾಲ್ಕರಲ್ಲೋ ಅಷ್ಟು ಅವಸರದಲ್ಲಿ ನನಗೆ ತಿಳಿಯಲಿಲ್ಲ. ಕೆಳಗೆ ನೋಡಿದೆ. ಹಸಿ ಮಣ್ಣಿನಲ್ಲಿ ಮೂರು ಹೆಜ್ಜೆ ಆಳವಾಗಿದ್ದವು, ಪಕ್ಕದಲ್ಲಿ ನಾಲ್ಕನೆಯದು, ತೀರ ತೆಳ್ಳಗೆ, ಬೆರಳಿನ ಗುರುತಷ್ಟೇ.

"ಅಜ್ಜೀ, ಇಲ್ಲಿ ನೋಡು!" ಎಂದು ಕಿರುಚಿದೆ. ಅಜ್ಜಿ ಬಗ್ಗಿ ನೋಡಿದಳು, ಕೂತುಬಿಟ್ಟಳು. ಹೊಲದ ಬದುವಿನ ಬಳಿ ಚಿಕ್ಕಪ್ಪ ಕೂರಿಗೆ ಬಿಟ್ಟು ಓಡಿಬಂದು ಹಂಡನನ್ನು ತಬ್ಬಿಕೊಂಡಿದ್ದು ಕಾಣಿಸುತ್ತಿತ್ತು, ಅವಳು ಅತ್ತ ತಲೆ ಎತ್ತಲಿಲ್ಲ. ಆ ತೆಳ್ಳನೆಯ ಗುರುತಿನ ಸುತ್ತ ಮಣ್ಣನ್ನು ಅಂಗೈಯಿಂದ ಸವರುತ್ತ, "ನೀನಾದ್ರೂ ಇಟ್ಯಲ್ಲೋ ನನ್ನಪ್ಪಾ," ಎಂದು ದೊಡ್ಡ ದನಿ ತೆಗೆದು ಅತ್ತಳು. ಅಜ್ಜ ಸತ್ತಾಗ ಅವಳು ಅತ್ತಿದ್ದನ್ನು ನಾನು ನೋಡಿರಲಿಲ್ಲ. ಅವಳ ಬೆನ್ನ ಮೇಲೆ ಕೈಯಿಟ್ಟು ನಿಂತೆ. ಬಿತ್ತುವ ಹೊತ್ತು ಮೀರುತ್ತಿತ್ತು, ಯಾರೂ ಅವಳಿಗೆ ಏಳು ಎನ್ನಲಿಲ್ಲ.