ಬೆನ್ನ ಹಿಂದಿನ ತಾಯತ

ನಮ್ಮ ದೊಡ್ಡಪ್ಪನಷ್ಟು ಜಂಬದ ರೋಗಿಯನ್ನು ನಾನು ಕಂಡಿಲ್ಲ. ಕೆರಗೋಡಿನ ಕಡೆ ಕಬ್ಬು ಬೆಳೆಯುತ್ತಿದ್ದ ಅವರಿಗೆ ಎಪ್ಪತ್ತರ ದಶಕದಲ್ಲಿ ಕತ್ತಿನ ಸುತ್ತ ಗಂಟುಗಳೆದ್ದವು. ಅದು ಲಿಂಫೋಮಾ, ಒಂದು ಬಗೆಯ ಕ್ಯಾನ್ಸರ್ ಎಂದರು ಮೈಸೂರಿನ ಡಾಕ್ಟರು. ದೊಡ್ಡಪ್ಪ ಮಾತ್ರ "ಇಂಗ್ಲಿಸ್ ಕಾಯ್ಲೆ ಕಣ್ಲಾ, ನಿಮ್ಗೆಲ್ಲ ಬರಾಕಿಲ್ಲ" ಎಂದು ಊರೆಲ್ಲ ಹೇಳಿಕೊಂಡು ತಿರುಗಿದರು.

ಒಂದು ಬೆಳಿಗ್ಗೆ ತಲೆ ಸುತ್ತಿ ಗದ್ದೆಯ ಬದುವಿನಲ್ಲಿ ಕುಸಿದರು. ಮಲ ಟಾರಿನಂತೆ ಕಪ್ಪಗಾಗಿತ್ತು. ಹೊಟ್ಟೆಯೊಳಗೆ ರಕ್ತ ಸೋರುತ್ತಿದೆ, ಎಲ್ಲಿ ಅಂತ ಬೇಗ ಗೊತ್ತಾಗದಿದ್ದರೆ ಉಳಿಯುವುದು ಕಷ್ಟ ಎಂದರು ಮಂಡ್ಯದ ಡಾಕ್ಟರು. ಈಗಿನ ಸಿ.ಟಿ. ಸ್ಕ್ಯಾನ್ ಆಗ ನಮ್ಮ ಕಡೆ ಎಲ್ಲಿತ್ತು? ಬೇರಿಯಂ ಎಂಬ ಬಿಳಿ ದ್ರವ ಕುಡಿಸಿ ಎಕ್ಸ್‌ರೇ ತೆಗೆಯಬೇಕಿತ್ತು.

"ನಾನೇನ್ ಗೋಡೆಯಾ, ಸುಣ್ಣ ಬಳಿಯಾಕೆ?" ಎನ್ನುತ್ತಲೇ ಕುಡಿದರು.

ಮೈಮೇಲೆ ಲೋಹ ಇರಬಾರದು ಎಂದಿದ್ದರು. "ಎಲ್ಲಾ ಬಿಚ್ಚಿವ್ನಿ" ಎಂದರು ದೊಡ್ಡಪ್ಪ. ಮದ್ದೂರಿನಲ್ಲಿ ಟೀಚರಾಗಿ ದಿನವೂ ಮಕ್ಕಳ ಸುಳ್ಳು ಹಿಡಿಯುತ್ತಿದ್ದ ನಾನು ಇದನ್ನು ನಂಬಿಬಿಟ್ಟೆ.

ಫಿಲ್ಮು ಬಂತು. "ತಾಯತದ ಫೋಟೋ ಬಹಳ ಚೆನ್ನಾಗಿ ಬಂದಿದೆ. ಜಠರ ನೋಡೋಣ ಅಂದ್ರೆ ಇದೇ ಅಡ್ಡ" ಎಂದರು ಡಾಕ್ಟರು. ಸಡಿಲವಾಗಿದ್ದ ಉಡಿದಾರವನ್ನು ಪಕ್ಕೆಲುಬಿನವರೆಗೆ ಸರಿಸಿ, ಅದರಲ್ಲಿದ್ದ ಬೆಳ್ಳಿ ತಾಯತವನ್ನು ಬೆನ್ನ ಹಿಂದೆ ತಿರುಗಿಸಿದ್ದರು ನಮ್ಮ ಜಾಣರು.

"ಮಿಸಿನ್ನು ಮುಂದ್ಗಡೆಯಿಂದ ತಾನೆ ನೋಡದು?"

"ಬಿಚ್ಚು ದೊಡ್ಡಪ್ಪ" ಎಂದೆ.

"ಉಡ್ದಾರ ಬಿಚ್ಚಾದು ಎಣಕ್ಕೆ ಕಣವ್ವ. ನಾನಿನ್ನೂ ಬದ್ಕಿವ್ನಿ." ನಗುತ್ತಲೇ ಹೇಳಿದರು, ಆದರೆ ಉಡಿದಾರವನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದಿದ್ದರು. ನನಗೆ ಸಿಟ್ಟೂ ಬಂತು, ಅಳುವೂ ಬಂತು.

ಬೆಂಚಿನ ಮೇಲೆ ಕೂತಿದ್ದ ದೊಡ್ಡಮ್ಮ ಎದ್ದು ಬಂದು, ಉಡಿದಾರದ ಗಂಟನ್ನು ಹಲ್ಲಿನಿಂದ ಬಿಡಿಸಿ, ತಾಯತದ ಸಮೇತ ತಮ್ಮ ತೋಳಿಗೆ ಸುತ್ತಿಕೊಂಡರು. "ಬದ್ಕಿರೋರ್ ಮೈಮೇಲೇ ಅದೆ. ಓಗು."

ಎರಡನೆಯ ಫಿಲ್ಮಿನಲ್ಲಿ ಹುಣ್ಣು ಕಂಡಿತು, ತಾಯತ ಮುಚ್ಚಿದ್ದ ಜಾಗದಲ್ಲೇ. ಮೈಸೂರಿನಲ್ಲಿ ಆಪರೇಷನ್ ಆಗಿ ರಕ್ತ ನಿಂತಿತು. ಆಮೇಲೆ ಕೊಟ್ಟ ಔಷಧಿಗೆ ಕತ್ತಿನ ಗಂಟುಗಳೂ ಕರಗಿದವು. ಊರಿಗೆ ಬಂದ ದೊಡ್ಡಪ್ಪ ಕೆಟ್ಟುಹೋದ ಮೊದಲನೆಯ ಫಿಲ್ಮನ್ನೇ ಕಿಟಕಿಗೆ ಹಿಡಿದು, "ಎಲ್ಲಿ ಸೋರ್ತಿತ್ತೋ ಅಲ್ಲೇ ಕಾವ್ಲು ನಿಂತಿತ್ತು ಕಣ್ಲಾ" ಎಂದು ಬಂದವರಿಗೆಲ್ಲ ತೋರಿಸುತ್ತಿದ್ದರು. ಉಡಿದಾರ ವಾಪಸ್ ಕೇಳಿದರೆ ದೊಡ್ಡಮ್ಮ "ನನ್ತಾವೇ ಇರ್ಲಿ ಬುಡು" ಎನ್ನುತ್ತಿದ್ದರು. ದೊಡ್ಡಪ್ಪ ಬೇರೆಯದನ್ನು ಕಟ್ಟಿಕೊಳ್ಳಲೂ ಇಲ್ಲ.

ಎರಡು ವರ್ಷದ ಮೇಲೆ ಗಂಟುಗಳು ಮತ್ತೆ ಬಂದವು, ಆ ಸಲ ಅವರು ಉಳಿಯಲಿಲ್ಲ. ಹೆಣಕ್ಕೆ ನೀರು ಹಾಕಿದವರು ಉಡಿದಾರ ತೆಗೆಯಲೆಂದು ಸೊಂಟ ತಡವಿದರು. ಇರಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೂಲೆಯಲ್ಲಿದ್ದ ದೊಡ್ಡಮ್ಮ ಸೆರಗನ್ನು ತೋಳಿನ ಮೇಲೆ ಎಳೆದುಕೊಂಡರು.