ಐಸಮ್ಮ ಹಾಕಿದ ಆಣೆ

ನನ್ನ ಮಾಮಿ, ಅಂದರೆ ಗಂಡನ ತಾಯಿ ಐಸಮ್ಮ, ಯಾರಿಗೂ ಬಗ್ಗುವ ಹೆಂಗಸಾಗಿರಲಿಲ್ಲ. ತೀರಿಹೋದವರ ಬಗ್ಗೆ ಒಳ್ಳೆಯದನ್ನೇ ಹೇಳಬೇಕಂತೆ. ಅವರನ್ನು ಸಾಧು, ಪಾಪದವರು ಎಂದೆಲ್ಲ ನಾನು ಹೇಳಿದರೆ ಗೋರಿಯಿಂದ ಎದ್ದು ಬಂದು ‘ಜುಬೈದಾ, ಸುಳ್ಳು ಎಂತಕ್ಕೆ?’ ಎಂದು ಬೈದಾರು. ಊರಿಗೆಲ್ಲ ಒಂದು ದಾರಿಯಾದರೆ ಅವರಿಗೇ ಒಂದು ದಾರಿ. ಆ ದಾರಿಯಲ್ಲಿ ಹಿಂದಿನಿಂದ ಓಡಿ ಓಡಿ ನನ್ನ ಚಪ್ಪಲಿ ಸವೆಯಿತು.

ಕಾಪುವಿನಿಂದ ಉಚ್ಚಿಲದವರೆಗೆ ಹೆರಿಗೆ ಮಾಡಿಸುವುದು ಅವರ ಕೆಲಸ. ನಮ್ಮ ಬ್ಯಾರಿ ಮುಸಲ್ಮಾನರ ಮನೆ, ಮೊಗವೀರರ ಮನೆ, ಕೊಂಕಣಿ ಕ್ರೈಸ್ತರ ಮನೆ ಎಂಬ ಭೇದ ಇರಲಿಲ್ಲ. ಕೊಂಕಣಿ ಕ್ರೈಸ್ತರನ್ನು ನಾವು ಪೊರ್ಬುಗಳು ಎನ್ನುವುದು. ನಮ್ಮ ಮನೆಯಿಂದ ಎರಡು ಗದ್ದೆ ಆಚೆ ಇದ್ದವರು ಬ್ಯಾಪ್ಟಿಸ್ಟ್ ಎಂಬ ಹೆಸರಿನ ಪೊರ್ಬುಗಳು. ಹಂಚಿನ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿದ್ದವರು. ಅವರ ಮಕ್ಕಳೆಲ್ಲರ ಹೆರಿಗೆ ಮಾಡಿಸಿದ್ದು ಮಾಮಿಯೇ. ಅವರ ಜಗಲಿಯಲ್ಲಿ ಚಾ ಕುಡಿಯುತ್ತಾ ಅವರೊಡನೆಯೇ ವರ್ಷಗಟ್ಟಲೆ ಜಗಳ ಮಾಡಿದ್ದೂ ಮಾಮಿಯೇ. ಜಗಳ ಒಂದೇ ವಿಷಯಕ್ಕೆ. ದೇವರು ಮನುಷ್ಯನಾಗಿ ಹುಟ್ಟಿ ಬರಬಹುದೇ?

ಎಲ್ಲವನ್ನೂ ಮಾಡಬಲ್ಲವನು ಇದೊಂದನ್ನು ಮಾಡಲಾರನೇ ಎಂದು ಪೊರ್ಬುಗಳು ಕೇಳುತ್ತಿದ್ದರು. ಪ್ರಶ್ನೆ ಅದಲ್ಲ, ಅದು ದೇವರಿಗೆ ತಕ್ಕುದೇ ಎನ್ನುವುದು ಪ್ರಶ್ನೆ ಎಂದು ಮಾಮಿ. ನಿಮ್ಮ ಯೇಸುವನ್ನು ಈಸಾ ನಬಿ ಎಂದು ನಾವೂ ಗೌರವಿಸುತ್ತೇವೆ, ಅವರ ತಾಯಿ ಮರಿಯಮರನ್ನೂ ಗೌರವಿಸುತ್ತೇವೆ. ಆದರೆ ಇಬ್ಬರೂ ಹಸಿವಾದಾಗ ಉಂಡವರು, ಹಸಿವಾಗುವವನು ದೇವರು ಹೇಗಾದಾನು ಎನ್ನುತ್ತಿದ್ದರು.

“ನಾನು ಮಕ್ಕಳನ್ನು ಹಿಡಿದ ಕೈಯಲ್ಲಿ ಹೇಳ್ತೇನೆ ಪೊರ್ಬುಗಳೇ,” ಎಂದು ಒಮ್ಮೆ ಕೇಳಿದರು. “ಮಗು ಅತ್ತರೆ ತಾಯಿ ಏಳ್ತಾಳೆ. ದೇವರೇ ಅತ್ತರೆ ಯಾರು ಏಳಬೇಕು?”

“ಅವನ ತಾಯಿಯೇ,” ಎಂದರು ಪೊರ್ಬುಗಳು. “ಹಸಿವು ಅಂದರೆ ಎಂತ ಅಂತ ನಮ್ಮ ದೇವರಿಗೆ ಗೊತ್ತುಂಟು. ಅದೇ ಅಲ್ವಾ ನಮ್ಮ ಧೈರ್ಯ?”

ಮಾಮಿ ಚಾ ಲೋಟ ಕವುಚಿಟ್ಟು ಎದ್ದು ಬಂದರು. ನಾಲ್ಕು ದಿನ ಬಿಟ್ಟು ಮತ್ತೆ ಹೋದರು. ಇಬ್ಬರಿಗೂ ತಾವು ಹಿಡಿದ ಮೊಲಕ್ಕೆ ಮೂರೇ ಕಾಲು.

ಎಪ್ಪತ್ತಮೂರನೇ ಇಸವಿಯ ಶುಭ ಶುಕ್ರವಾರ. ಪೊರ್ಬುಗಳೆಲ್ಲ ಮಧ್ಯಾಹ್ನದ ದೀರ್ಘ ಪ್ರಾರ್ಥನೆಗೆ ಇಗರ್ಜಿಗೆ ಹೋಗಿದ್ದರು. ಮನೆಯಲ್ಲಿದ್ದದ್ದು ಬ್ಯಾಪ್ಟಿಸ್ಟರ ಸೊಸೆ, ಜೇಮ್ಸನ ಹೆಂಡತಿ ಗ್ಲ್ಯಾಡಿಸ್ ಮಾತ್ರ. ಚೊಚ್ಚಲ ಬಸುರಿ, ಏಳನೇ ತಿಂಗಳು. ಪಕ್ಕದ ಮನೆಯ ಚಂಪಾ ಓಡಿ ಬಂದು, ಗ್ಲ್ಯಾಡಿಸ್‌ಗೆ ನೋವು ಶುರುವಾಗಿದೆ ಎಂದಳು. ಅವಳನ್ನು ಇಗರ್ಜಿಗೆ ಅಟ್ಟಿ ನಾವಿಬ್ಬರು ಹೋದೆವು. ನಾವು ಮುಟ್ಟುವಷ್ಟರಲ್ಲಿ ಮಗು ಅರ್ಧ ಬಂದಾಗಿತ್ತು.

ಹೆಣ್ಣು ಮಗು, ಎರಡು ಅಂಗೈ ತುಂಬುವಷ್ಟೇ. ಅಳಲಿಲ್ಲ. ಮಾಮಿ ಬೆನ್ನು ತಿಕ್ಕಿದರು, ಬಾಯಿ ಒರೆಸಿದರು, ಉಸಿರು ಊದಿದರು. ಎದೆ ಮಾತ್ರ ಸಣ್ಣಗೆ ಏಳುತ್ತಿತ್ತು. ಮಾಮಿಯ ಮುಖ ನೋಡಿಯೇ ಗ್ಲ್ಯಾಡಿಸ್‌ಗೆ ಗೊತ್ತಾಯಿತು. ಜ್ಞಾನಸ್ನಾನ ಆಗದೆ ಮಗು ಸತ್ತರೆ ಇಗರ್ಜಿಯ ಸ್ಮಶಾನದೊಳಗೆ ಜಾಗ ಇಲ್ಲ, ಗೋಡೆಯ ಹೊರಗೆ ಹೂಳುತ್ತಾರೆ ಎಂದು ಅವಳು ಮಾಮಿಯ ಕೈ ಹಿಡಿದು ಅತ್ತಳು.

“ನೀವೇ ತಲೆಗೆ ನೀರು ಹಾಕಿ ಹೇಳಿಬಿಡಿ. ಅವಸರಕ್ಕೆ ಯಾರು ಹಾಕಿದರೂ ಆಗ್ತದೆ, ಬೇರೆ ಮತದವರು ಹಾಕಿದರೂ ಆಗ್ತದೆ. ಪಿತನ, ಪುತ್ರನ, ಪವಿತ್ರಾತ್ಮನ ಹೆಸರಲ್ಲಿ ಅಂತ. ಅಷ್ಟೇ.”

“ಅದು ನನ್ನ ಬಾಯಲ್ಲಿ ಬರುವುದಿಲ್ಲ,” ಎಂದರು ಮಾಮಿ. “ದೇವರಿಗೆ ಮಗ ಅಂತ ನಾನು ಕತ್ತು ಕೊಯ್ದರೂ ಹೇಳುವವಳಲ್ಲ. ನೀನು ಹೇಳು.”

ನನಗೆ ಮೈಯೆಲ್ಲ ಉರಿಯಿತು. ಸಾಯುವ ಮಗುವಿನ ಮುಂದೆಯೂ ಹಟವೇ? ಎರಡು ಮಾತು ಹೇಳಿದರೆ ಇವರ ಗಂಟು ಹೋಗುತ್ತದೆಯೇ ಎಂದುಕೊಂಡೆ. ಗ್ಲ್ಯಾಡಿಸ್ ಆದರೋ ತನ್ನ ಕೈ ಆಗುವುದಿಲ್ಲ ಎಂದು ತಲೆ ಆಡಿಸಿದಳು. ಹೆತ್ತವಳು ನಲವತ್ತು ದಿನ ಕಳೆದು ಪಾದ್ರಿಗಳ ಆಶೀರ್ವಾದ ಆಗುವ ತನಕ ಇಗರ್ಜಿಯ ಮೆಟ್ಟಿಲು ಹತ್ತಬಾರದು ಎಂದು ಅವರಲ್ಲೂ ಇತ್ತು. ಅಂಥ ಮೈಲಿಗೆಯ ಕೈಯ ನೀರು ನಡೆಯುವುದಿಲ್ಲ ಎಂದೇ ಅವಳ ನಂಬಿಕೆ.

ಮಾಮಿ ಸಿಡಿದೆದ್ದರು. “ಹೆತ್ತ ಕೈಗೆ ಆಗದ್ದು ಮತ್ತೆ ಯಾರ ಕೈಗೆ ಆಗ್ತದೆ? ದೇವರು ಹೆಂಗಸಿನ ಹೊಟ್ಟೆಯಿಂದ ಬಂದ ಅಂತ ನಿನ್ನ ಮಾವ ಹೇಳುವುದಲ್ವಾ? ಹಾಗೆ ಬಂದವನಿಗೆ ಈ ರಕ್ತ ಅಸಹ್ಯವಾ? ನಾನು ನಂಬುವುದಿಲ್ಲ. ನೀನು ನಂಬುವವಳು. ಏಳು.”

ಲೋಟದಲ್ಲಿ ನೀರು ತುಂಬಿಸಿ ಅವಳ ಕೈಗೆ ಕೊಟ್ಟರು. ನಾನು ಮಗುವನ್ನು ಹಿಡಿದೆ. ಲೋಟ ಬೀಳದ ಹಾಗೆ ಮಾಮಿ ಅವಳ ಮೊಣಕೈಗೆ ತಮ್ಮ ಅಂಗೈ ಕೊಟ್ಟರು. ಗ್ಲ್ಯಾಡಿಸ್ ನೀರು ಹೊಯ್ಯುತ್ತಾ ಕೊಂಕಣಿಯಲ್ಲಿ ಆ ಮಾತು ಹೇಳಿದಳು, ಮರಿಯಾ ಎಂದು ಹೆಸರಿಟ್ಟಳು. ಜೇಮ್ಸ್ ಓಡಿ ಬಂದು ಬಾಗಿಲಲ್ಲಿ ನಿಂತಾಗ ಮಗು ಹೋಗಿಯಾಗಿತ್ತು.

ಮರುದಿನ ಬೆಳಿಗ್ಗೆ ಚಂಪಾ ಮತ್ತೆ ಬಂದಳು. ಇಗರ್ಜಿಯ ಮುಖಂಡ, ಗುರಿಕಾರ ರೊಸಾರಿಯೊ ತಕರಾರು ಎತ್ತಿದ್ದಾನಂತೆ. ಮಾತು ಹೇಳಿದ್ದು ಗ್ಲ್ಯಾಡಿಸ್, ನೀರು ಹೊಯ್ದದ್ದು ಬ್ಯಾರಿ ಹೆಂಗಸು, ಎರಡನ್ನೂ ಒಬ್ಬರೇ ಮಾಡದಿದ್ದರೆ ಅದು ಜ್ಞಾನಸ್ನಾನವೇ ಅಲ್ಲ, ಹೊರಗೇ ಹೂಳಬೇಕು ಎಂದನಂತೆ. ಹೆಣ ಕಾದಿರುವಾಗ ಕಾನೂನು ಓದುವ ಇಂಥವನಿಗೆ ಬಾಯಲ್ಲಿ ಹುಳ ಬೀಳಬೇಕು ಎಂದು ನಾನು ಶಾಪ ಹಾಕಿದೆ. ಮಾಮಿ ತಲೆವಸ್ತ್ರ ಬಿಗಿದು ಹೊರಟರು, ಹಿಂದಿನಿಂದ ನಾನು.

ಪಾದ್ರಿಗಳ ಬಂಗಲೆಯಲ್ಲಿ ಬ್ಯಾಪ್ಟಿಸ್ಟ್ ಪೊರ್ಬುಗಳು ಗೋಡೆಗೊರಗಿ ನಿಂತಿದ್ದರು. ಪಾದ್ರಿಗಳು ಹೊಸಬರು. ಹಾಗೂ ಉಂಟು, ಹೀಗೂ ಉಂಟು ಎಂದು ಅಡ್ಡಗೋಡೆಯ ಮೇಲೆ ದೀಪ ಇಡುತ್ತಿದ್ದರು. ಲೋಟ ಗ್ಲ್ಯಾಡಿಸಳ ಕೈಯಲ್ಲೇ ಇತ್ತು, ತಾನು ಮೊಣಕೈ ಮಾತ್ರ ಹಿಡಿದೆ ಎಂದು ಮಾಮಿ ಹೇಳಿದರು. ಹಾಗಾದರೆ ಶಿಲುಬೆ ಮುಟ್ಟಿ ಆಣೆ ಹಾಕಲಿ ಎಂದ ರೊಸಾರಿಯೊ.

“ಹಾಕುವುದಿಲ್ಲ,” ಎಂದರು ಮಾಮಿ. ಪೊರ್ಬುಗಳು ಕಣ್ಣು ಮುಚ್ಚಿಕೊಂಡರು. “ನನ್ನ ಅಲ್ಲಾಹನ ಮೇಲೆ ಹಾಕ್ತೇನೆ. ಅವನು ಯಾರನ್ನೂ ಹೆತ್ತವನಲ್ಲ, ಯಾರಿಗೂ ಹುಟ್ಟಿದವನಲ್ಲ. ಅವನ ಮೇಲೆ ಆಣೆ, ನೀರು ಹೊಯ್ದದ್ದೂ ತಾಯಿ, ಹೆಸರು ಹೇಳಿದ್ದೂ ತಾಯಿ. ನಿಮ್ಮವರು ಯಾರಾದರೂ ಕನಿಕರಕ್ಕೆ ಸುಳ್ಳು ಹೇಳಿಯಾರು, ಫಾದರ್. ನನಗೆ ಆ ನೀರಲ್ಲಿ ನಂಬಿಕೆಯೇ ಇಲ್ಲ. ನಾನು ಎಂತಕ್ಕೆ ಸುಳ್ಳು ಹೇಳಬೇಕು?”

ಪಾದ್ರಿಗಳು ರೊಸಾರಿಯೊನ ಕಡೆ ತಿರುಗಿ, ಗುಂಡಿ ಒಳಗೇ ತೋಡಿಸಿ ಎಂದರು.

ಜ್ಞಾನಸ್ನಾನ ಮಾಡಿಸಿದ್ದೇ ಐಸಮ್ಮ ಎಂದು ಸುದ್ದಿ ಉಪ್ಪುಖಾರ ಹಚ್ಚಿಕೊಂಡು ನಮ್ಮ ಮಸೀದಿಗೂ ಬಂತು. ಉಸ್ತಾದರು ಕರೆಸಿದರು. ನನ್ನ ಗಂಡ ಸಲಾಂ ಅವರು, ಸುಮ್ಮನೆ ತಪ್ಪಾಯಿತು ಎಂದುಬಿಡು ಉಮ್ಮಾ ಎಂದು ದಾರಿಯುದ್ದಕ್ಕೂ ಗೋಗರೆದರು. ಮಾಮಿ ಕೇಳಬೇಕಲ್ಲ! ಆ ಮಾತು ನನ್ನ ಬಾಯಿಂದ ಬಂದಿಲ್ಲ, ಹೆತ್ತವಳ ಕೈ ಹಿಡಿದದ್ದು ತಪ್ಪಾದರೆ ಲೆಕ್ಕ ನನ್ನದು, ನಾಳೆ ಪಡೆದವನ ಮುಂದೆ ನಾನೇ ಹೇಳಿಕೊಳ್ಳುತ್ತೇನೆ ಎಂದು ಹೇಳಿ ಎದ್ದು ಬಂದರು. ಕೆಲವು ಮನೆಯವರು ಸ್ವಲ್ಪ ಕಾಲ ಅವರನ್ನು ಕರೆಯಲಿಲ್ಲ. ಆಮೇಲೆ ನೋವು ಬಂದಾಗ ಕರೆದರು.

ಮಾತು ನಿಲ್ಲಿಸಿದ್ದು ಬ್ಯಾಪ್ಟಿಸ್ಟ್ ಪೊರ್ಬುಗಳು. ಮಳೆಗಾಲ ಕಳೆದರೂ ಅವರು ದಾರಿಯಲ್ಲಿ ತಲೆ ತಗ್ಗಿಸಿಯೇ ಹೋಗುತ್ತಿದ್ದರು. ಕೊನೆಗೆ ಮಾಮಿಯೇ ಅವರ ಜಗಲಿಗೆ ಹೋಗಿ ಕೂತರು. ನನ್ನ ಮೊಮ್ಮಗಳಿಗೆ ಜಾಗ ಕೊಡಿಸಿದ್ದು ನೀವು, ಇನ್ನು ನಿಮ್ಮ ಹತ್ತಿರ ವಾದ ಮಾಡಲು ನನಗೆ ಮುಖ ಇಲ್ಲ ಎಂದರು ಪೊರ್ಬುಗಳು.

“ಎಂತ ಮಾರಾಯ್ರೇ!” ಎಂದು ಮಾಮಿ ಗದರಿದರು. “ನಾನು ಒಂದಂಗುಲ ಬಿಟ್ಟುಕೊಟ್ಟಿಲ್ಲ. ನೀವು ಬಿಟ್ಟುಕೊಟ್ಟರೆ ನಾನು ಯಾರ ಹತ್ತಿರ ಹೇಳುವುದು? ಚಾ ತರಿಸಿ.”

ಗ್ಲ್ಯಾಡಿಸ್ ಮತ್ತೆ ಬಸುರಾದದ್ದು ಎರಡು ವರ್ಷದ ಮೇಲೆ. ಈ ಸಲ ಮಣಿಪಾಲದ ಆಸ್ಪತ್ರೆಗೇ ಎಂದು ಜೇಮ್ಸ್ ಹಟ ಹಿಡಿದ. ಅದೇ ಸರಿ ಎಂದರು ಮಾಮಿಯೂ. ಐಸಮ್ಮ ಬಂದರೆ ಮಾತ್ರ ಬರುತ್ತೇನೆ ಎಂದಳು ಗ್ಲ್ಯಾಡಿಸ್. ಟ್ಯಾಕ್ಸಿಯಲ್ಲಿ ನಾನೂ ಹೋದೆ. ಹೆರಿಗೆ ಕೋಣೆಯ ಬಾಗಿಲಲ್ಲಿ ನರ್ಸ್ ತಡೆದಳು. ಒಳಗೆ ಯಾರೂ ಬರಬಾರದು, ಬಂದರೆ ತಾಯಿಯೋ ಅತ್ತೆಯೋ ಒಬ್ಬರು ಎಂದು ಮಾಮಿಯ ತಲೆವಸ್ತ್ರ ನೋಡಿ, ಇವರು ನಿಮಗೆ ಎಂತ ಆಗಬೇಕು ಎಂದು ಕೇಳಿದಳು.

ಗ್ಲ್ಯಾಡಿಸ್ ನೋವಿನಲ್ಲಿ ಹಲ್ಲು ಕಚ್ಚಿಕೊಂಡಿದ್ದಳು. ಮಾಮಿಯ ಕೈ ಬಿಡಲಿಲ್ಲ.

“ನನ್ನ ಸಾಕ್ಷಿ,” ಎಂದಳು.

ನರ್ಸಿಗೆ ಏನೂ ಅರ್ಥವಾಗಲಿಲ್ಲ. ಆದರೂ ಬಾಗಿಲು ತೆರೆದಳು.